ಒಪ್ಪತ್ತು ಯಾರ ಲೆಕ್ಕಕ್ಕೆ?

ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಮಾತು ಬಂದಲ್ಲೆಲ್ಲ ಸೋಮವಾರದ ಒಪ್ಪತ್ತಿನ ಮಾತೂ ಬರುತ್ತದೆ. 1965ರ ಇಸವಿ. ಪಾಕಿಸ್ತಾನದ ಜೊತೆ ಯುದ್ಧ, ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಅಮೆರಿಕೆಯಿಂದ ಗೋಧಿಯ ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. ದೇಶದ ಜನ ವಾರಕ್ಕೆ ಒಂದು ಹೊತ್ತಿನ ಊಟ ಬಿಡಬೇಕು ಎಂದು ಪ್ರಧಾನಿಗಳು ಕರೆ ಕೊಟ್ಟರು. ಕರೆ ಕೊಡುವ ಮೊದಲು ತಮ್ಮ ಮನೆಯಲ್ಲೇ ಅದನ್ನು ಮಾಡಿ ನೋಡಿದರಂತೆ. ಹೆಂಡತಿ ಲಲಿತಾ ಅವರಿಗೆ ಈ ಸಂಜೆ ಒಲೆ ಹಚ್ಚಬೇಡ ಎಂದರು, ಮಕ್ಕಳು ಒಂದು ರಾತ್ರಿ ಹಸಿದಿರಬಲ್ಲರು ಎಂದು ಖಾತ್ರಿಯಾದ ಮೇಲೆಯೇ ದೇಶಕ್ಕೆ ಹೇಳಿದರು.

ಈ ಕಥೆಯನ್ನು ಕೇಳಿದಾಗಲೆಲ್ಲ ನನಗೆ ಆ ಸಣ್ಣ ಆಕೃತಿಯ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ. ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬ ನಾಚಿಕೆ ಇದ್ದ ನಾಯಕರು ಎಷ್ಟು ಜನ? ಆದರೂ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಈ ಕಥೆಯಲ್ಲಿ ಲಲಿತಾ ಶಾಸ್ತ್ರಿಯವರಿಗೆ ಇರುವ ಕೆಲಸ ಒಂದೇ, ಒಲೆ ಹಚ್ಚದೆ ಇರುವುದು. ಅವರು ಏನೆಂದರು ಎಂದು ಯಾರೂ ಹೇಳುವುದಿಲ್ಲ. ಹಸಿದ ಮಕ್ಕಳು ರಾತ್ರಿ ಎದ್ದಿದ್ದರೆ ಯಾರ ಹತ್ತಿರ ಹೋಗುತ್ತಿದ್ದರು ಎಂಬುದನ್ನು ನಾವು ಹೆಂಗಸರು ಕೇಳಿ ತಿಳಿಯಬೇಕಾಗಿಲ್ಲ.

ನಮ್ಮ ವಾನಳ್ಳಿಗೆ ಆ ಕರೆ ಬಂದಾಗ ನಾನು ಸಣ್ಣ ತರಗತಿಯ ಹುಡುಗಿ. ಅಜ್ಜ ಶಿರಸಿ ಪೇಟೆಗೆ ಹೋದವರು ಸುದ್ದಿ ತಂದು, ಜಗಲಿಯಲ್ಲಿ ಕೂತು, ಇನ್ನು ಸೋಮವಾರ ರಾತ್ರಿ ನಮ್ಮ ಮನೆಯಲ್ಲೂ ಊಟವಿಲ್ಲ ಎಂದು ಘೋಷಿಸಿದರು. ನಮ್ಮ ಕಡೆಯ ಹೆಂಗಸರಿಗೆ ಇದೇನು ಹೊಸದಲ್ಲ. ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ, ಕಾರ್ತಿಕ ಸೋಮವಾರ ಎಂದು ಅವರ ಹೊಟ್ಟೆ ಮೊದಲೇ ಪಂಚಾಂಗದ ಪ್ರಕಾರ ನಡೆಯುತ್ತಿತ್ತು. ದೇವರ ಲೆಕ್ಕಕ್ಕೂ ದೇಶದ ಲೆಕ್ಕಕ್ಕೂ ಒಂದೇ ಒಪ್ಪತ್ತು ಸಾಕಾಯಿತಲ್ಲ ಎಂದು ಆಯಿ ನಗುತ್ತಿದ್ದಳು. ಅನ್ನ ಬಿಟ್ಟರೆ ಉಪವಾಸ ಎಂಬುದು ನಮ್ಮ ಸೀಮೆಯ ಶಾಸ್ತ್ರ. ಹಾಗಾಗಿ ಗಂಡಸರಿಗೆ ಅವಲಕ್ಕಿ ಮೊಸರು, ಬಾಳೆಹಣ್ಣಿನ ರಸಾಯನ, ಕರಿದ ಹಲಸಿನ ಹಪ್ಪಳ. ಅನ್ನ ಸಾರು ಮಾಡಿ ಬಡಿಸಿ ಮುಗಿಸುವುದಕ್ಕಿಂತ ಈ ಉಪವಾಸಕ್ಕೇ ಹೆಚ್ಚು ಕೆಲಸ. ದೆಹಲಿಯಲ್ಲಿ ಅದೆಷ್ಟು ಅಕ್ಕಿ ಉಳಿಯಿತೋ, ನಮ್ಮ ಮನೆಯಲ್ಲಿ ಎಣ್ಣೆ ಮಾತ್ರ ಹೆಚ್ಚು ಖರ್ಚಾಯಿತು.

ಆದರೆ ಅಡಿಕೆ ಕೊಯ್ಲು ಶುರುವಾದ ಮೇಲೆ ವಿಷಯ ಬಿಗಿಯಾಯಿತು. ರಾತ್ರಿ ಅಂಗಳದಲ್ಲಿ ದೀಪ ಇಟ್ಟುಕೊಂಡು ಅಡಿಕೆ ಸುಲಿಯಲು ಎಂಟು ಹತ್ತು ಜನ ಬರುತ್ತಿದ್ದರು. ಅವರಿಗೆ ಊಟ ನಮ್ಮಲ್ಲೇ. ಸೋಮವಾರ ಮನೆಯಲ್ಲೇ ಒಲೆ ಇಲ್ಲದಿರುವಾಗ ಅವರಿಗೂ ಇಲ್ಲ, ದೇಶ ಎಲ್ಲರದೂ ಅಲ್ಲವೇ ಎಂದರು ಅಜ್ಜ. ಅಜ್ಜಿ ಅಜ್ಜನೊಡನೆ ನೇರವಾಗಿ ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಏನಿದ್ದರೂ ನನ್ನ ಮೂಲಕ, ಅದೂ ಅವರಿಗೆ ಕೇಳುವಷ್ಟು ಗಟ್ಟಿಯಾಗಿ. "ಅಜ್ಜನ ಹತ್ರ ಹೇಳು ಕೂಸೆ, ವ್ರತ ಹಿಡಿಯವು ಅಂದ್ರೆ ನಮ್ಮ ಹೊಟ್ಟೆ ಮೇಲೆ ಹಿಡಿಯವು, ಸುಲಿಯಲೆ ಬಂದವರ ಹೊಟ್ಟೆ ಮೇಲಲ್ಲ." ಹೇಳಿ ಒಳಗೆ ಹೋಗಿ ಅಕ್ಕಿ ತೊಳೆದಳು. ಅಜ್ಜ ಏನೂ ಅನ್ನಲಿಲ್ಲ. ಸುಲಿಯುವವರು ಉಂಡರು, ನಾವು ಅವಲಕ್ಕಿ ತಿಂದೆವು.

ಒಬ್ಬರು ಹಿಡಿದ ವ್ರತಕ್ಕೆ ಇನ್ನೊಬ್ಬರು ಉಪವಾಸ ಬಿದ್ದರೆ ಆ ಪುಣ್ಯ ಯಾರ ಲೆಕ್ಕಕ್ಕೆ? ಇದು ಹೊಸ ಕಾಲದ ಹೆಂಗಸರು ಹುಟ್ಟಿಸಿದ ಪ್ರಶ್ನೆಯಲ್ಲ. ನಮ್ಮ ಕಡೆ ಆಟ, ತಾಳಮದ್ದಳೆ ನೋಡುತ್ತ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಸತ್ಯ ಹರಿಶ್ಚಂದ್ರನದು, ಮಾರಾಟಕ್ಕೆ ನಿಂತವಳು ಚಂದ್ರಮತಿ. ಜೂಜು ಧರ್ಮರಾಯನದು, ಸಭೆಗೆ ಎಳೆತಂದದ್ದು ದ್ರೌಪದಿಯನ್ನು. ಆಕೆ ಕೇಳಿದ್ದಾದರೂ ಏನು? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂದು. ಭೀಷ್ಮನಂಥವನೂ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡ. ಅರ್ಥಧಾರಿಗಳು ಒಂದು ರಾತ್ರಿಯಿಡೀ ಅದರ ಮೇಲೆ ಮಾತಾಡಬಲ್ಲರು, ಬೆಳಗಾಗುವುದರೊಳಗೆ ಉತ್ತರ ಮಾತ್ರ ಸಿಕ್ಕಿರುವುದಿಲ್ಲ.

ಶಾಸ್ತ್ರಿಗಳ ಇನ್ನೊಂದು ಕಥೆ ಇದೆ, ಅವರ ಬಗೆಗಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವಂಥದು. ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಜೈಲಿನಲ್ಲಿದ್ದಾಗ, ಲಾಲಾ ಲಜಪತರಾಯರು ಸ್ಥಾಪಿಸಿದ ಲೋಕಸೇವಕ ಮಂಡಲದಿಂದ ಅವರ ಕುಟುಂಬಕ್ಕೆ ತಿಂಗಳಿಗೆ 50 ರೂಪಾಯಿ ಬರುತ್ತಿತ್ತು. ಹಣ ಸರಿಯಾಗಿ ಬರುತ್ತಿದೆಯೇ, ಸಾಕಾಗುತ್ತಿದೆಯೇ ಎಂದು ಗಂಡ ಜೈಲಿನಿಂದ ಕೇಳಿದರು. ಸಾಕಾಗುತ್ತಿದೆ, 40ರಲ್ಲಿ ಸಂಸಾರ ತೂಗಿಸಿ 10 ರೂಪಾಯಿ ಉಳಿಸುತ್ತಿದ್ದೇನೆ ಎಂದು ಹೆಂಡತಿ ಬರೆದರು. ಕೂಡಲೇ ಶಾಸ್ತ್ರಿಗಳು ಮಂಡಲಕ್ಕೆ ಪತ್ರ ಬರೆದು, ನಮ್ಮ ಮನೆಗೆ 40 ಸಾಕು, ಉಳಿದದ್ದನ್ನು ಕಷ್ಟದಲ್ಲಿರುವ ಬೇರೆಯವರಿಗೆ ಕೊಡಿ ಎಂದರು.

ಗಂಡಸರು ಈ ಕಥೆ ಹೇಳಿ ಕಣ್ಣು ಒರೆಸಿಕೊಳ್ಳುವುದನ್ನು ಕಂಡಿದ್ದೇನೆ. ಹೆಂಗಸರ ಗುಂಪಿನಲ್ಲಿ ಹೇಳಿ ನೋಡಿ, ಮೊದಲು ಒಂದು ನಗು ಬರುತ್ತದೆ, ಆಮೇಲೆ ಮೌನ. ಆ ಹತ್ತು ರೂಪಾಯಿ ಹೇಗೆ ಉಳಿಯಿತು ಎಂದು ನಮಗೆ ಗೊತ್ತು. ಮಗುವಿನ ಹಾಲಿಗೆ ನೀರು ಸೇರಿ, ಹರಿದ ಸೀರೆಗೆ ಹೊಲಿಗೆ ಬಿದ್ದು, ತನ್ನ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾಗಿ ಅದು ಉಳಿಯುತ್ತದೆ. ನಾಳೆ ಜ್ವರ ಬಂದರೆ ಎಂಬ ಹೆದರಿಕೆಗೆ ಕಾಸು ಕಟ್ಟಿಡುವುದು ಹೆಂಗಸಿನ ಹಳೆಯ ಬುದ್ಧಿ. ಸಾಸಿವೆ ಡಬ್ಬಿಯ ಆ ಗಂಟನ್ನು ತ್ಯಾಗ ಮಾಡಿದ ಕೀರ್ತಿ ಗಂಡನಿಗೆ ಹೋಯಿತು. ಶಾಸ್ತ್ರಿಗಳು ತಮಗಾಗಿ ಒಂದು ಬಿಡಿಗಾಸು ಇಟ್ಟುಕೊಂಡವರಲ್ಲ, ಅದು ನಿಜ. ಆದರೆ ಅವರು ಬಿಟ್ಟುಕೊಟ್ಟದ್ದು ತಮ್ಮ ಹತ್ತು ರೂಪಾಯಿಯನ್ನಲ್ಲ. ಸಂಸಾರದಲ್ಲಿ ನಿನ್ನದು ನನ್ನದು ಎಂದು ಲೆಕ್ಕ ಹಾಕುವುದು ಸಣ್ಣತನ ಎನ್ನುವವರಿದ್ದಾರೆ. ಇರಬಹುದು. ಅಡಿಕೆ ಮಂಡಿಯಲ್ಲಿ ತೂಕಕ್ಕೆ ತೂಕ ಲೆಕ್ಕ ಹಾಕಿ ಬರುವವರು ಮನೆಗೆ ಬಂದು ಈ ಮಾತು ಹೇಳುವುದು ಮಾತ್ರ ತಮಾಷೆಯಾಗಿ ಕಾಣುತ್ತದೆ.

ಈ ವಿಷಯದಲ್ಲಿ ನನಗೆ ಬೆಳಕು ತೋರಿಸಿದವರು ಕಸ್ತೂರಬಾ. ಅವರನ್ನು ನಾವು ಗಾಂಧೀಜಿಯ ನೆರಳು ಎಂದು ಪಾಠದಲ್ಲಿ ಓದಿದೆವು. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟಾಗ ಅಲ್ಲಿನ ಭಾರತೀಯರು ಪ್ರೀತಿಯಿಂದ ಉಡುಗೊರೆ ಕೊಟ್ಟರು, ಅದರಲ್ಲಿ ಕಸ್ತೂರಬಾ ಅವರಿಗೆಂದೇ 50 ಗಿನ್ನಿ ಬೆಲೆಯ ಒಂದು ಚಿನ್ನದ ಹಾರ. ಗಾಂಧೀಜಿ ಮೊದಲು ಮಕ್ಕಳನ್ನು ಒಪ್ಪಿಸಿಕೊಂಡು, ಆಮೇಲೆ ಹೆಂಡತಿಯ ಹತ್ತಿರ ಎಲ್ಲವನ್ನೂ ಸಮಾಜಕ್ಕೆ ಬಿಟ್ಟುಕೊಡೋಣ ಎಂದರು. ಆಕೆ ಅತ್ತರು, ವಾದಿಸಿದರು. ಹಾರ ನನಗೆ ಕೊಟ್ಟದ್ದು ಎಂದರು. ನನ್ನ ಸೇವೆಗೆ ಬಂದದ್ದು ಎಂದು ಗಂಡ ಹೇಳಿದಾಗ, ಹಗಲೂ ರಾತ್ರಿ ನಿಮಗಾಗಿ, ನೀವು ಕರೆತಂದವರಿಗಾಗಿ ದುಡಿದೆನಲ್ಲ, ಅದು ಸೇವೆಯಲ್ಲವೇ ಎಂದು ಕೇಳಿದರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಆ ಮಾತನ್ನು ಮುಚ್ಚಿಡದೆ ಬರೆದದ್ದು ಅವರ ದೊಡ್ಡತನ. ಮಾತು ನಾಟಿತು ಎಂದೂ ಒಪ್ಪಿಕೊಂಡಿದ್ದಾರೆ. ಹಾರ ಮಾತ್ರ ಹೋಯಿತು.

ಹನ್ನೆರಡು ವರ್ಷ ಕಳೆದು, 1913ರಲ್ಲಿ, ಕ್ರೈಸ್ತ ವಿಧಿಯಿಂದ ಆಗದ ಮದುವೆಗಳಿಗೆ ಮಾನ್ಯತೆ ಇಲ್ಲ ಎಂದು ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಹೆಂಗಸರೂ ಸತ್ಯಾಗ್ರಹಕ್ಕೆ ಇಳಿಯುವ ಕಾಲ ಬಂತು. ಗಾಂಧೀಜಿ ಫೀನಿಕ್ಸ್ ಆಶ್ರಮದ ಬೇರೆ ಹೆಂಗಸರನ್ನು ಕೇಳಿದರು, ಹೆಂಡತಿಯನ್ನು ಕೇಳಲಿಲ್ಲ. ಕಸ್ತೂರಬಾ ಮಾತು ಕೇಳಿಸಿಕೊಂಡು, ನನಗೇನು ಕಡಿಮೆ, ನನಗೇಕೆ ಹೇಳಲಿಲ್ಲ ಎಂದು ತರಾಟೆಗೆ ತೆಗೆದುಕೊಂಡರು. ಅದಕ್ಕೆ ಗಾಂಧೀಜಿ ಕೊಟ್ಟ ಕಾರಣ ನೋಡಿ. ನಾನು ಕೇಳಿದೆ ಎಂಬ ಕಾರಣಕ್ಕೇ ನೀನು ಹೊರಟುಬಿಡಬಹುದು, ಆಮೇಲೆ ಜೈಲಿನಲ್ಲಿ ಧೈರ್ಯಗುಂದಿದರೆ ಅದು ನಿನ್ನ ತಪ್ಪಾಗುವುದಿಲ್ಲ ಎಂಬ ಅರ್ಥದ ಮಾತು. ಆಕೆ ತಾವಾಗಿ ಹೊರಟರು, ಮೂರು ತಿಂಗಳು ಕಠಿಣ ಸಜೆ ಅನುಭವಿಸಿ ಎಲುಬಿನ ಗೂಡಾಗಿ ಹೊರಬಂದರು.

ಈ ಜಾಗದಲ್ಲಿ ನಾನು ಬಹಳ ಹೊತ್ತು ನಿಂತಿದ್ದೇನೆ. ಹೆಂಡತಿಯ ಒಪ್ಪಿಗೆ ಕೇಳಿದರೆ ಸಾಕು ಎಂದು ನಾವೆಲ್ಲ ತಿಳಿದಿರುತ್ತೇವೆ. ಬೇಡ ಎನ್ನುವ ದಾರಿಯೇ ಇಲ್ಲದ ಮನೆಯಲ್ಲಿ "ಹೂಂ" ಎಂಬುದಕ್ಕೆ ಏನು ಬೆಲೆ? ಬ್ಯಾಂಕಿನ ಕಾಗದಕ್ಕೆ, ಜಾಮೀನಿಗೆ, ಚುನಾವಣೆಗೆ ನಿಲ್ಲುವ ಗಂಡನ ಸಾಲಕ್ಕೆ ಸಹಿ ಹಾಕಿದ ಎಷ್ಟು ಜನ ಅಕ್ಕ ತಂಗಿಯರನ್ನು ನಾನು ಬಲ್ಲೆ. ಅವರನ್ನೂ ಕೇಳಲಾಗಿತ್ತು. ಪೆನ್ನು ಕೈಗೆ ಕೊಟ್ಟು ಕೇಳಲಾಗಿತ್ತು. ಗಾಂಧೀಜಿಗೆ ಹಾರದ ಹೊತ್ತಿನಲ್ಲಿ ತಿಳಿಯದಿದ್ದ ಈ ಸೂಕ್ಷ್ಮ ಹನ್ನೆರಡು ವರ್ಷದಲ್ಲಿ ತಿಳಿದಿತ್ತು. ತಿಳಿಸಿದವರು ಯಾರು ಎಂದು ಬೇರೆ ಹೇಳಬೇಕೇ?

ಹಾಗಾಗಿ 1942ರ ಆಗಸ್ಟ್ 9ನ್ನು ನಾನು ಕಸ್ತೂರಬಾ ಅವರ ದಿನ ಎಂದು ಎಣಿಸುತ್ತೇನೆ. ಜಗತ್ತಿನಲ್ಲಿ ಎರಡನೆಯ ಮಹಾಯುದ್ಧ ನಡೆದಿತ್ತು, ಬರ್ಮಾ ಜಪಾನಿನ ವಶವಾಗಿತ್ತು, ಇಲ್ಲಿ 'ಕ್ವಿಟ್ ಇಂಡಿಯಾ' ಠರಾವು ಹಿಂದಿನ ರಾತ್ರಿಯಷ್ಟೇ ಪಾಸಾಗಿತ್ತು. ಬೆಳಗಿನ ಜಾವ ಗಾಂಧೀಜಿಯನ್ನು ಹಿಡಿದೊಯ್ದರು. ಸಂಜೆ ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಅವರ ಸಭೆ ಇತ್ತು. ಆ ಸಭೆಯಲ್ಲಿ ನಾನು ಮಾತಾಡುತ್ತೇನೆ ಎಂದರು 73 ವರ್ಷದ ಕಸ್ತೂರಬಾ. ಭಾಷಣ ಮಾಡಿ ರೂಢಿಯಿದ್ದವರಲ್ಲ, ಓದು ಬರಹ ಅಷ್ಟಕ್ಕಷ್ಟೆ, ಎದೆಯ ಬೇನೆ ಬೇರೆ. ಸರಕಾರ ಅವರನ್ನು ವೇದಿಕೆ ಹತ್ತಲು ಬಿಡದೆ ಬಂಧಿಸಿತು. ಅಷ್ಟು ದೊಡ್ಡ ಸಾಮ್ರಾಜ್ಯ, ಮಹಾಯುದ್ಧದ ನಡುವೆ, ಒಬ್ಬ ಮುದುಕಿಯ ಮಾತಿಗೆ ಹೆದರಿತು.

ಪುಣೆಯ ಆಗಾಖಾನ್ ಅರಮನೆಯಲ್ಲಿ ಒಂದೂವರೆ ವರ್ಷ ಸೆರೆ. ಅಲ್ಲಿ ಅವರು ತುಳಸಿಗೆ ನೀರೆರೆದರು, ಕೇರಂ ಆಡಿದರು, ಗಂಡನಿಂದ ಭೂಗೋಳದ ಪಾಠ ಹೇಳಿಸಿಕೊಂಡು ಊರುಗಳನ್ನು ಅದಲುಬದಲು ಮಾಡಿದರು. 1943ರ ಫೆಬ್ರವರಿಯಲ್ಲಿ ಗಾಂಧೀಜಿ 21 ದಿನ ಉಪವಾಸ ಕೂತಾಗ ತಾವೂ ಅನ್ನ ಬಿಟ್ಟು ಹಣ್ಣು ಹಾಲಿನಲ್ಲಿ ಉಳಿದರು. ಅದು ಯಾರೂ ಹೇಳಿ ಮಾಡಿಸಿದ ಉಪವಾಸವಲ್ಲ. ಒಂದು ವರ್ಷ ಕಳೆದು, 1944ರ ಫೆಬ್ರವರಿ 22ರಂದು, ಶಿವರಾತ್ರಿಯ ದಿನ, ಸೆರೆಯಲ್ಲೇ ತೀರಿಕೊಂಡರು. ಕೊನೆಯ ಹೊತ್ತಿಗೆ ಮಗ ದೇವದಾಸರು ಪೆನಿಸಿಲಿನ್ ಔಷಧಿ ತರಿಸಿದ್ದರು. ಮತ್ತೆ ಮತ್ತೆ ಸೂಜಿ ಚುಚ್ಚುವುದು ಬೇಡ ಎಂದರು ಗಾಂಧೀಜಿ. ಈ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಒಂದು ಕಡೆ ನಿಲ್ಲುವುದಿಲ್ಲ. ಅರವತ್ತು ವರ್ಷ ಮೀರಿ ಜೊತೆಗೆ ಬಾಳಿದವರು, ನರಳಾಟ ಸಾಕು ಎಂದಿರಬಹುದು. ಆದರೂ ಅದು ಅವಳ ಮೈ. ಆಮೇಲೆ ಅವರ ಹೆಸರಿನ ನಿಧಿಗೆ 75 ಲಕ್ಷ ರೂಪಾಯಿ ಕೂಡಿಸಬೇಕೆಂದರೆ ಜನ ಕೋಟಿ ಮೀರಿ ಕೊಟ್ಟರು, ಹಳ್ಳಿಯ ಹೆಂಗಸರು ಮಕ್ಕಳಿಗಾಗಿ. ನಮ್ಮ ರಾಜ್ಯದ ಅರಸೀಕೆರೆಯಲ್ಲೂ ಅವರ ಹೆಸರಿನ ಆಶ್ರಮ ಇದೆ.

ದೊಡ್ಡವರ ಮಾತಾಯಿತು. ನಮ್ಮ ಜಿಲ್ಲೆಯ ಹೆಂಗಸರಿಗೂ ಇಂಥ ಒಂದು ಯುದ್ಧ ಬಂದಿತ್ತು, ಬಂದೂಕಿಲ್ಲದ್ದು. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದೆವು. 1930ರ ದಶಕದ ಮೊದಲಲ್ಲಿ ಸಿದ್ದಾಪುರ, ಅಂಕೋಲೆಯ ಕಡೆ ಜನ ಕಂದಾಯ ಕೊಡುವುದಿಲ್ಲ ಎಂದು ನಿಂತರು. ಯಜಮಾನರು ಜೈಲಿಗೆ ಹೋದರು. ಜಪ್ತಿಗೆ ಬಂದವರ ಎದುರು ನಿಂತವರು ಮನೆಯ ಹೆಂಗಸರು. ತೋಟ ಹೋಯಿತು, ದನ ಹೋಯಿತು, ಹಂಡೆ, ಅಡಿಕೆ ಬೇಯಿಸುವ ಕೊಪ್ಪರಿಗೆಯವರೆಗೆ ಹೋಯಿತು ಎಂದು ಹಿರಿಯರು ಹೇಳುತ್ತಿದ್ದರು. ಕರ ಕೊಡಬಾರದೆಂಬ ನಿಶ್ಚಯ ಹೆಚ್ಚಿನ ಮನೆಗಳಲ್ಲಿ ಜಗಲಿಯಲ್ಲಿ ಆದದ್ದು. ಅದರ ಫಲ ಬಂದದ್ದು ಅಡುಗೆಮನೆಗೆ.

ಇಲ್ಲಿಗೇ ನಿಂತಿದ್ದರೆ ಇದೂ ಚಂದ್ರಮತಿಯ ಕಥೆಯೇ ಆಗುತ್ತಿತ್ತು. ಆದರೆ 1932ರಲ್ಲಿ ಜೋಗದ ಹತ್ತಿರದ ಮಾವಿನಗುಂಡಿಯಲ್ಲಿ ಹೆಂಗಸರು ಬೇರೆಯದೇ ಒಂದು ಕೆಲಸ ಮಾಡಿದರು. ಲಿಲಾವಿನಲ್ಲಿ ಆಸ್ತಿ ಕೊಂಡವರ ಮನೆಯ ಮುಂದೆ ಹೋಗಿ ಉಪವಾಸ ಕೂತರು. ತ್ಯಾಗಲಿ ಭುವನೇಶ್ವರಮ್ಮನಂಥವರು ದಿನಗಟ್ಟಲೆ ಕೂತರು. ಅಂಗಳ ದಾಟಿದರೆ ಹೆಸರು ಕೆಡುತ್ತದೆ ಎನ್ನುವ ಕಾಲದ ಹೆಂಗಸರು ಅವರು. ವರ್ಷವೆಲ್ಲ ಗಂಡ ಮಕ್ಕಳ ಶ್ರೇಯಸ್ಸಿಗೆಂದು ಮಾಡುತ್ತಿದ್ದ ಉಪವಾಸವನ್ನು ಮನೆಯಿಂದ ಹೊರಗೆ ತಂದು ಬೀದಿಯ ಆಯುಧ ಮಾಡಿಕೊಂಡರು. ಅಲ್ಲಿ ಅವರ ನೆನಪಿಗೆ ಸ್ಮಾರಕವಿದೆ. ಜೋಗಕ್ಕೆ ಹೋಗುವ ಬಸ್ಸು, ಕಾರುಗಳು ಹೆಚ್ಚಾಗಿ ನಿಲ್ಲದೆ ಹೋಗುತ್ತವೆ.

ನನಗೆ ಇನ್ನೊಬ್ಬಳು ಹೆಂಗಸಿನ ನೆನಪೂ ಆಗುತ್ತದೆ. ಆ ಮುಚ್ಚಿದ ಬಾಗಿಲ ಒಳಗೆ ಇದ್ದವಳು, ಲಿಲಾವಿನಲ್ಲಿ ಕೊಂಡವನ ಹೆಂಡತಿ. ಕೊಳ್ಳುವಾಗ ಅವಳನ್ನೂ ಯಾರು ಕೇಳಿದ್ದರು? ಅಂಗಳದಲ್ಲಿ ತನ್ನಂಥವರೇ ಹಸಿದು ಕೂತಿರುವಾಗ ಅವಳು ಒಲೆ ಹಚ್ಚಿ, ಅನ್ನ ಬಾಗಿಸಿ, ಗಂಡನಿಗೆ ಬಡಿಸಬೇಕಿತ್ತು. ಅವಳು ಉಂಡಳೋ ಇಲ್ಲವೋ. ಗಂಡನ ತ್ಯಾಗದಲ್ಲಿ ಹೆಂಡತಿಗೆ ಪಾಲು ಕೊಡುವುದಾದರೆ ಗಂಡನ ದುರಾಸೆಯಲ್ಲೂ ಪಾಲು ಕೊಡಬೇಕಾಗುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ. ಸಹಧರ್ಮಿಣಿ ಎಂಬ ಶಬ್ದವನ್ನು ಮದುವೆ ಕರೆಯೋಲೆಯಲ್ಲಿ ಅಷ್ಟು ಸಲೀಸಾಗಿ ಅಚ್ಚು ಹಾಕಿಸುತ್ತೇವೆ. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರಕಾರ ಕಾಯಿದೆ ಮಾಡಿ ಕಳೆದುಹೋದ ಭೂಮಿಯನ್ನು ಹಿಂದಕ್ಕೆ ಕೊಡಿಸುವ ಏರ್ಪಾಟು ಮಾಡಿತು. ಭೂಮಿ ಬಂತು. ನಡುವಿನ ಆ ವರ್ಷಗಳಲ್ಲಿ ಯಾರದೋ ಮನೆಯ ಬಿಡಾರದಲ್ಲಿ ಬಸುರಿ, ಬಾಣಂತನ ಕಳೆದವರಿಗೆ ಕಾಯಿದೆಯಿಂದ ಕೊಡಿಸಲು ಬರುವಂಥದೇನೂ ಇರಲಿಲ್ಲ.

ಯುದ್ಧಕಾಲದಲ್ಲಿ ರಾಜ್ಯವಾಳುವವನ ಹೆಂಡತಿ ಅವನಿಗೆ ಏನು ಹೇಳಬಹುದು, ಎಷ್ಟು ಹೇಳಬಹುದು? ಇಂಗ್ಲೆಂಡಿನ ಚರ್ಚಿಲ್ ನಮಗೆ ಬೇಕಾದ ಮನುಷ್ಯನೇನೂ ಅಲ್ಲ, ಕಸ್ತೂರಬಾ ಸೆರೆಯಲ್ಲಿ ಸತ್ತದ್ದು ಅವನ ಸರಕಾರದ ಕೈಕೆಳಗೆ. ಆದರೆ ಅವನ ಹೆಂಡತಿ ಕ್ಲೆಮೆಂಟೈನ್ 1940ರ ಜೂನ್ ತಿಂಗಳಲ್ಲಿ, ಫ್ರಾನ್ಸ್ ಬಿದ್ದು ದೇಶ ನಡುಗುತ್ತಿದ್ದಾಗ, ಅವನಿಗೆ ಒಂದು ಕಾಗದ ಬರೆದಳು. ನಿಮ್ಮ ಕೈಕೆಳಗಿನವರ ಜೊತೆ ನಿಮ್ಮ ನಡತೆ ಒರಟಾಗುತ್ತಿದೆ, ಮೊದಲಿನ ಸೌಜನ್ಯ ಉಳಿದಿಲ್ಲ ಎಂದು. ಒಮ್ಮೆ ಬರೆದು ಹರಿದು ಹಾಕಿ, ಮತ್ತೆ ಬರೆದಳಂತೆ. ಒಂದೇ ಮನೆಯಲ್ಲಿದ್ದು ಕಾಗದ ಬರೆಯಬೇಕಾಯಿತು ಎಂದು ನಗಬೇಡಿ. ನನ್ನ ಅಜ್ಜಿಗೆ ಮೊಮ್ಮಗಳಿದ್ದಳು, ಅವಳಿಗೆ ಕಾಗದ ಇತ್ತು.

ಲಲಿತಾ ಶಾಸ್ತ್ರಿಯವರಿಗೆ ಇದ್ದದ್ದು ಟೆಲಿಫೋನು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಸೈನಿಕರು ರಕ್ತ ಸುರಿಸಿ ಗೆದ್ದ ಹಾಜಿಪೀರ್ ಕಣಿವೆಯನ್ನು ಹಿಂದಕ್ಕೆ ಕೊಡಬೇಕಾಗಿತ್ತು. ರಾತ್ರಿ ಶಾಸ್ತ್ರಿಗಳು ದೆಹಲಿಯ ಮನೆಗೆ ಫೋನು ಮಾಡಿದರು. ಆಗ ಅವರ ಜೊತೆ ತಾಷ್ಕೆಂಟಿನಲ್ಲಿದ್ದ ಪತ್ರಕರ್ತ ಕುಲದೀಪ ನಯ್ಯರ್ ಬರೆದಿರುವ ಪ್ರಕಾರ, ಮಗಳು ನಮಗೆ ಇದು ಹಿಡಿಸಲಿಲ್ಲ ಎಂದಳು. ಅಮ್ಮನಿಗೆ ಹೇಗೆನಿಸಿತು ಎಂದು ಕೇಳಿದರು. ಅವರಿಗೂ ಹಿಡಿಸಲಿಲ್ಲ ಎಂದಳು. ಲಲಿತಾ ಫೋನಿಗೆ ಬರಲಿಲ್ಲ. ಕೆಲವೇ ಗಂಟೆಗಳಲ್ಲಿ, 11ರ ನಸುಕಿನಲ್ಲಿ, ಶಾಸ್ತ್ರಿಗಳ ಹೃದಯ ನಿಂತಿತು.

ಈ ಪ್ರಸಂಗವನ್ನು ಓದಿದ ಕೆಲವರು ಹೆಂಡತಿ ಆ ಒಂದು ಮಾತು ಆಡಬಹುದಿತ್ತು ಎನ್ನುತ್ತಾರೆ. ಹಾಗನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಒಲೆ ಹಚ್ಚಬೇಡ ಎಂದಾಗ ಹಚ್ಚಲಿಲ್ಲ, ಹತ್ತು ರೂಪಾಯಿ ಹೋದಾಗ ನಲವತ್ತರಲ್ಲಿ ನಡೆಸಿದರು. ಒಪ್ಪದೇ ಇರುವ ಸರದಿ ಒಮ್ಮೆ ಬಂದಾಗ ಆ ರಾತ್ರಿಯೇ ಕೊನೆಯ ರಾತ್ರಿಯಾದದ್ದು ಅವರ ತಪ್ಪೇ? ಅಷ್ಟೂ ವರ್ಷ ಎಷ್ಟೋ ವಿಷಯಕ್ಕೆ ಹೂಂ ಎಂದವರ ಒಂದು ಊಹೂಂ ಎಷ್ಟು ಭಾರ ತೂಗುತ್ತದೆ ಎಂಬುದು ಆ ದೂರದ ಊರಿನಲ್ಲಿ ಫೋನು ಹಿಡಿದು ನಿಂತ ಶಾಸ್ತ್ರಿಗಳಿಗೆ ತಿಳಿದಿತ್ತೆಂದೇ ನನ್ನ ನಂಬಿಕೆ. ತಿಳಿಯದವರು ಅಮ್ಮನಿಗೆ ಹೇಗೆನಿಸಿತು ಎಂದು ಕೇಳುತ್ತಿರಲಿಲ್ಲ.

ಪ್ರಧಾನಿಯಾಗಿದ್ದಾಗ ಶಾಸ್ತ್ರಿಗಳು ಮನೆಯವರ ಒತ್ತಾಯಕ್ಕೆ ಒಂದು ಫಿಯೆಟ್ ಕಾರು ಕೊಂಡಿದ್ದರು. ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟು ಇಲ್ಲದೆ 5,000 ರೂಪಾಯಿಯನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದಿದ್ದರು. ಸಾಲ ತೀರುವ ಮೊದಲೇ ಹೋದರು. ಉಳಿದ ಕಂತುಗಳನ್ನು ಲಲಿತಾ ತಮಗೆ ಬರುತ್ತಿದ್ದ ಪಿಂಚಣಿಯಲ್ಲಿ ಕಟ್ಟಿ ತೀರಿಸಿದರು. ಅವರು 1993ರವರೆಗೆ ಬದುಕಿದ್ದರು. ಕಾರು ಈಗ ದೆಹಲಿಯಲ್ಲಿ ಶಾಸ್ತ್ರಿಗಳ ಸ್ಮಾರಕ ಭವನದಲ್ಲಿದೆ.